ಅಂಡಮಾನ್‌ಗೆ ಯಾವ ಬಿಸಿಡಿ? ತೂಕ ಆಮೇಲೆ, ಮೊದಲು ಮೈಗೆ ಕೂರಲಿ

ಪ್ರಶ್ನೆ: ನಾನು ಮೂಡಿಗೆರೆ ಹತ್ತಿರದ ಕಾಫಿ ಬೆಳೆಗಾರ. ವಯಸ್ಸು 41, ತೂಕ 94 ಕೆ.ಜಿ. ಹೋದ ವರ್ಷ ಸ್ಕೂಬಾ ಕೋರ್ಸ್ ಮುಗಿಸಿ, ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಆರು ಡೈವ್ ಮಾಡಿದ್ದೇನೆ. ಬಾಡಿಗೆಯ ಬಿಸಿಡಿ ಅಂಗಿ ಪ್ರತಿ ಸಲವೂ ಮೇಲಕ್ಕೆ ಜರುಗಿ ಗದ್ದಕ್ಕೆ ತಾಗುತ್ತಿತ್ತು. ಕೊಯ್ಲು ಮುಗಿಸಿ ಮಾರ್ಚಿನಲ್ಲಿ ಅಂಡಮಾನ್‌ಗೆ ಹೊರಟಿದ್ದೇವೆ. 2 ಕೆ.ಜಿ.ಯ ಟ್ರಾವೆಲ್ ಬಿಸಿಡಿ ತಗೊಳ್ಳಿ ಅಂತ ಒಬ್ಬರು, ಬೆನ್ನಿಗೆ ಸ್ಟೀಲ್ ಪ್ಲೇಟ್ ಇರುವುದೇ ಗಟ್ಟಿ ಅಂತ ಇನ್ನೊಬ್ಬರು. ಯಾವುದು ಕೊಳ್ಳಲಿ?

ಉತ್ತರ: ಗದ್ದಕ್ಕೆ ತಾಗುತ್ತಿತ್ತು ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಬಿಸಿಡಿ ಅಂದರೆ ಸಿಲಿಂಡರ್ ಹೊರುವ, ಗಾಳಿ ತುಂಬಿ ಬಿಟ್ಟು ತೇಲುವುದನ್ನು ಹಿಡಿತದಲ್ಲಿಡುವ ಅಂಗಿ. ಅದು ಮೈಗೆ ಕೂರದಿದ್ದರೆ ಉಳಿದದ್ದೆಲ್ಲ ದಂಡ.

ಆರೇ ಡೈವ್ ಆದವರಿಗೆ ಸಾಮಾನ್ಯವಾಗಿ ನಾನು ಬಿಸಿಡಿ ಕೊಳ್ಳಿ ಅನ್ನುವುದಿಲ್ಲ. ಮೊದಲು ಒಳ್ಳೆಯ ಮಾಸ್ಕ್, ಆಮೇಲೆ ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್ ಅನ್ನುತ್ತೇನೆ. ಆದರೆ ಬಾಡಿಗೆಯದು ನಿಮ್ಮ ಅಳತೆಗೆ ಸಿಗುತ್ತಿಲ್ಲ. ಹಾಗಾಗಿ ಕೊಳ್ಳಿ.

ಬಾಡಿಗೆಗೆ ಹೆಚ್ಚಾಗಿ ಕೊಡುವುದು ಜಾಕೆಟ್ ಮಾದರಿ. ಅದರಲ್ಲಿ ಗಾಳಿ ಪಕ್ಕೆಯ ಸುತ್ತಲೂ ತುಂಬುತ್ತದೆ. ಹೊಟ್ಟೆ, ಎದೆ ಸ್ವಲ್ಪ ದಪ್ಪ ಇದ್ದವರಿಗೆ ಬಿಗಿಯುತ್ತದೆ. ಬಿಗಿಯುತ್ತದೆ ಅಂತ ಸೊಂಟದ ಪಟ್ಟಿ ಸಡಿಲ ಬಿಟ್ಟರೆ ಇಡೀ ಅಂಗಿ ಮೇಲಕ್ಕೆ ಏರುತ್ತದೆ. ನಿಮಗೆ ಆಗಿದ್ದು ಇದೇ ಇರಬೇಕು. ನಿಮಗೆ ಬೆನ್ನ ಹಿಂದೆ ಮಾತ್ರ ಗಾಳಿ ತುಂಬುವ ಮಾದರಿ ಒಳ್ಳೆಯದು. ಕಾಲುಗಳ ನಡುವೆ ಹಾದುಬರುವ ಪಟ್ಟಿ ಒಂದಿದ್ದರೆ ಜರುಗುವ ಮಾತೇ ಇಲ್ಲ. ಇದಕ್ಕೊಂದು ತೊಂದರೆ ಇದೆ. ನೀರಿನ ಮೇಲೆ ದೋಣಿಗೆ ಕಾಯುವಾಗ ಪೂರ್ತಿ ಗಾಳಿ ತುಂಬಿದರೆ ಮುಖ ಮುಂದಕ್ಕೆ ವಾಲುತ್ತದೆ. ಸ್ವಲ್ಪ ಗಾಳಿ ಬಿಟ್ಟು, ಕುರ್ಚಿಗೆ ಒರಗಿದ ಹಾಗೆ ಹಿಂದಕ್ಕೆ ಒರಗಿ. ಎರಡು ಡೈವ್‌ನಲ್ಲಿ ರೂಢಿಯಾಗುತ್ತದೆ.

ಸ್ಟೀಲ್ ಪ್ಲೇಟ್ ಗಟ್ಟಿಯೇ, ನಿಜ. ಆದರೆ ಪ್ಲೇಟೊಂದೇ ಎರಡೂವರೆ, ಮೂರು ಕೆ.ಜಿ. ಬರುತ್ತದೆ. ದೇಶದೊಳಗಿನ ಹೆಚ್ಚಿನ ವಿಮಾನಗಳಲ್ಲಿ ದೊಡ್ಡ ಬ್ಯಾಗಿಗೆ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಮಿತಿ. ಮುಳುಗಲು ಕಟ್ಟಿಕೊಳ್ಳುವ, ದೋಣಿಯಲ್ಲಿ ಸುಮ್ನೆ ಸಿಗುವ ಸೀಸದ ತೂಕವನ್ನು ಮನೆಯಿಂದ ಹೊತ್ತು ಹೋದ ಹಾಗೆ, ಅಲ್ವಾ? ಪ್ಲೇಟೇ ಬೇಕೆಂದರೆ ಅಲ್ಯೂಮಿನಿಯಂನದು ನೋಡಿ.

ಹಾಗಂತ ತೀರಾ ಹಗುರವಾದದ್ದಕ್ಕೂ ಕೈ ಹಾಕಬೇಡಿ. ನಾನು ಮೊದಲು ಕೊಂಡದ್ದು ಅಂಗಡಿಯಲ್ಲಿದ್ದುದರಲ್ಲೇ ಹಗುರವಾದದ್ದು. ಬೆನ್ನಿಗೆ ಗಟ್ಟಿ ಹಲಗೆ ಇರಲಿಲ್ಲ. ಒಂದೇ ಪಟ್ಟಿಯಲ್ಲಿ ಸಿಲಿಂಡರ್ ಕಟ್ಟಿದರೆ ನೀರೊಳಗೆ ಅದು ಎಡಕ್ಕೆ ಬಲಕ್ಕೆ ಓಲಾಡುತ್ತಿತ್ತು. ಮೀನು ನೋಡುವುದು ಬಿಟ್ಟು ಮೈ ನೆಟ್ಟಗೆ ಮಾಡಿಕೊಳ್ಳುವುದರಲ್ಲೇ ಗಾಳಿ ಖಾಲಿ. ಒಂದು ಸೀಸನ್‌ಗೆ ಅದನ್ನು ಮಾರಿಬಿಟ್ಟೆ. ಎರಡೂವರೆಯಿಂದ ಮೂರು ಕೆ.ಜಿ.ಯೊಳಗೆ, ಬೆನ್ನಿಗೆ ಆಸರೆ ಇರುವಂಥದ್ದು ಸಾಕು.

ಎತ್ತುವ ಶಕ್ತಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಅಂಗಡಿಯವರು ಹೇಳಬಹುದು. ಲೆಕ್ಕ ನೋಡಿ. ತುಂಬಿದ ಸಿಲಿಂಡರಿನ ಗಾಳಿಯ ತೂಕವೇ ಸುಮಾರು 2.5 ಕೆ.ಜಿ. 3 ಮಿ.ಮೀ. ವೆಟ್‌ಸೂಟ್ ಆಳದಲ್ಲಿ ಅದುಮಿಕೊಂಡು ಇನ್ನೊಂದು 2–3 ಕೆ.ಜಿ. ತೇಲುವಿಕೆ ಕಳೆದುಕೊಳ್ಳುತ್ತದೆ. ಎರಡೂ ಸೇರಿ 6 ಕೆ.ಜಿ. ಒಳಗೇ ಆಯಿತು. ನೀರಿನ ಮೇಲೆ ತಲೆ ಎತ್ತಿಡಲು ಇನ್ನಷ್ಟು ಸೇರಿಸಿದರೂ ಅಂಡಮಾನಿನ ಬೆಚ್ಚಗಿನ ನೀರಿಗೆ 13–15 ಕೆ.ಜಿ. ಎತ್ತುವ ಗಾಳಿಚೀಲ ಧಾರಾಳ.

ಸೊಂಟಕ್ಕೆ ಜಾಸ್ತಿ ಸೀಸ ಕಟ್ಟಿಕೊಂಡವರಿಗೆ ಮಾತ್ರ ದೊಡ್ಡ ಚೀಲ ಬೇಕಾಗುತ್ತದೆ. ಅದು ಬಿಸಿಡಿಯ ತಪ್ಪಲ್ಲ. ಡೈವ್ ಮುಗಿದು ಸಿಲಿಂಡರಿನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಾಗ ಬಿಸಿಡಿ ಪೂರ್ತಿ ಖಾಲಿ ಮಾಡಿ, ಕಾಲು ಆಡಿಸದೆ ನೆಟ್ಟಗೆ ನಿಲ್ಲಿ. ಮಾಮೂಲಿ ಉಸಿರು ಹಿಡಿದಾಗ ನೀರು ಕಣ್ಣಿನ ಮಟ್ಟಕ್ಕೆ ಬರಬೇಕು, ಉಸಿರು ಬಿಟ್ಟಾಗ ನಿಧಾನ ಮುಳುಗಬೇಕು. ಕಲ್ಲಿನ ಹಾಗೆ ಇಳಿದರೆ ಒಂದು ಕೆ.ಜಿ. ತೆಗೆಯಿರಿ.

ಕೊಳ್ಳುವಾಗ ವೆಟ್‌ಸೂಟ್ ಜೊತೆಗೆ ಒಯ್ಯಿರಿ. ಅದರ ಮೇಲೆ ಬಿಸಿಡಿ ತೊಟ್ಟು ಪೂರ್ತಿ ಗಾಳಿ ತುಂಬಿಸಿ, ದೀರ್ಘ ಉಸಿರು ಎಳೆಯಿರಿ. ಪಕ್ಕೆ ಬಿಗಿದರೆ ಬೇಡ. ಹಿಂದಿನಿಂದ ಯಾರಾದರೂ ಹಿಡಿಕೆ ಹಿಡಿದು ಎತ್ತಲಿ. ಹೆಗಲ ಪಟ್ಟಿ ಕಿವಿಯ ತನಕ ಬಂದರೂ ಬೇಡ. ಕಣ್ಣು ಮುಚ್ಚಿ, ಗಾಳಿ ಬಿಡುವ ವಾಲ್ವ್‌ಗಳ ದಾರ ಒಂದೊಂದಾಗಿ ಹುಡುಕಿ ಎಳೆಯಿರಿ. ಕೈಗೆ ತಟ್ಟನೆ ಸಿಗಬೇಕು. ಮನೆಗೆ ತಂದ ರಾತ್ರಿ ಗಾಳಿ ತುಂಬಿಸಿಡಿ. ಬೆಳಗ್ಗೆಗೆ ಮೆತ್ತಗಾಗಿದ್ದರೆ ಹಿಂದಿರುಗಿಸಿ. ಹೊರಡುವ ಹಿಂದಿನ ದಿನ, ಸಂಜೆ ಹಣ್ಣು ತೂಗುವ ಕೊಕ್ಕೆ ತಕ್ಕಡಿಗೇ ಬ್ಯಾಗನ್ನು ನೇತುಹಾಕಿ ನೋಡಿ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಇದ್ದರೆ ಅದೂ ಡೈವ್ ಕಂಪ್ಯೂಟರೂ ಕೈಚೀಲದಲ್ಲಿರಲಿ.

ವಾಪಸ್ ಬರುವಾಗಿನ ತೂಕ ಬೇರೆ. ಒದ್ದೆ ಬಿಸಿಡಿ ಒಂದು ಕೆ.ಜಿ. ಹೆಚ್ಚೇ ತೂಗಬಹುದು. ಹಲವು ಡೈವ್ ಮಾಡಿದವರು ವಿಮಾನ ಹತ್ತುವ ಮೊದಲು ಕನಿಷ್ಠ 18 ಗಂಟೆ ಕಾಯಬೇಕಲ್ಲ, ಆ ಹೊತ್ತಿನಲ್ಲಿ ಅದನ್ನು ಒಣಗಿಸಿ. ನೇತ್ರಾಣಿಗೆ ಹೋಗುವ ನಮ್ಮ ಕಡೆಯವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ವಿಮಾನ ಹತ್ತುವುದಿಲ್ಲ ಅಂತ ಅದೇ ಸಂಜೆ ಕಾರು ಹತ್ತಿ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮೇಲೆ ಬರುತ್ತಾರೆ. ವಿಮಾನದ ನಿಯಮದಲ್ಲಿ ಎಚ್ಚರಿಕೆ ಶುರುವಾಗುವುದು ಸುಮಾರು 600 ಮೀಟರ್ ಎತ್ತರದಿಂದ. ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಮೇಲಿದೆ. ಡೈವ್ ಮಾಡುವಾಗ ದೇಹಕ್ಕೆ ಸೇರಿ ಉಳಿದ ಸಾರಜನಕ ಎತ್ತರಕ್ಕೆ ಹೋದಾಗ ಗುಳ್ಳೆಗಟ್ಟಿ ತೊಂದರೆ ಕೊಡಬಹುದು; ಅದಕ್ಕೆ ಘಾಟಿಯೂ ಒಂದೇ, ವಿಮಾನವೂ ಒಂದೇ. ದಯವಿಟ್ಟು ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ಮರುದಿನ ಮಧ್ಯಾಹ್ನದ ಊಟ ಮುಗಿಸಿ ಹೊರಡಿ.

ಮನೆಗೆ ಬಂದ ಮೇಲೆ ಚೀಲದ ಒಳಗೂ ಸಿಹಿನೀರು ಹಾಕಿ ಕುಲುಕಿ ಚೆಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಇದಕ್ಕೆ ಬಿಟ್ಟೀತೇ? ಮಡಚಿ ಬೀರುವಿನಲ್ಲಿ ತುರುಕಬೇಡಿ. ಬೇಗ ಒಣಗಲಿ ಅಂತ ಬಚ್ಚಲೊಲೆಯ ಮೇಲೆ ನೇತುಹಾಕುವುದೂ ಬೇಡ, ಕಾವಿಗೆ ಚೀಲ ಹಾಳಾಗುತ್ತದೆ. ಅರ್ಧ ಗಾಳಿ ತುಂಬಿಸಿ, ಗಾಳಿಯಾಡುವ ಕೋಣೆಯಲ್ಲಿ ಅಗಲವಾದ ಹ್ಯಾಂಗರಿಗೆ ಹಾಕಿಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ಗಾಳಿ ತುಂಬುವ ಇನ್ಫ್ಲೇಟರ್ ಗುಂಡಿ ಒತ್ತಿ ನೋಡಿ. ಗುಂಡಿ ಅಂಟಿಕೊಂಡಿದ್ದರೆ ಮುಂದಿನ ಡೈವ್‌ಗೆ ಮೊದಲೇ ಸರ್ವಿಸ್‌ಗೆ ಕೊಡಿ.