ಕಾರ್ಖಾನೆಯೇ ಇಲ್ಲದ ದ್ವೀಪದ ಕಡಲಹಕ್ಕಿಗಳಿಗೆ ಸೀಸ, ಪಾದರಸ ಎಲ್ಲಿಂದ ಬರುತ್ತದೆ? ತಡೆಯೋಕೆ ಆಗುತ್ತಾ?

ಸೀಸಕ್ಕೆ ಒಂದು ಉತ್ತರ, ಪಾದರಸಕ್ಕೆ ಇನ್ನೊಂದು. ಎರಡನ್ನೂ ‘ಭಾರಲೋಹ’ ಅಂತ ಒಂದೇ ಗಂಟಿಗೆ ಕಟ್ಟಿದರೆ ಗೊಂದಲ ಜಾಸ್ತಿಯಾಗುತ್ತದೆ.

ಮೊದಲು ಸೀಸ. ಪೆಸಿಫಿಕ್ ಸಾಗರದ ನಡುವೆ, ಹೊನೊಲುಲುವಿನಿಂದ ಸುಮಾರು 2,000 ಕಿ.ಮೀ. ಆಚೆ, ಮಿಡ್‌ವೇ ದ್ವೀಪಗಳಿವೆ. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕ ಮತ್ತು ಜಪಾನ್ ಕಾದಾಡಿದ ಜಾಗ. ಲೇಸಾನ್ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳು ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿ ಮರಿ ಮಾಡುವುದು ಇಲ್ಲೇ. ಅಲ್ಲಿ ನೆಲೆಯಿದ್ದ ಅಮೆರಿಕದ ನೌಕಾಪಡೆ ಜಾಗ ಖಾಲಿ ಮಾಡಿತು, ಕಟ್ಟಡಗಳು ಉಳಿದವು. ಅವುಗಳಿಗೆ ಬಳಿದಿದ್ದು ಸೀಸದ ಬಣ್ಣ. ಹಳೇ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿ ಗೋಡೆ ಬುಡದಲ್ಲಿ ಬೀಳುತ್ತಿತ್ತು. ಗೂಡುಗಳೂ ಅಲ್ಲೇ.

ತಂದೆ ತಾಯಿ ಆಹಾರಕ್ಕೆ ಕಡಲಿಗೆ ಹೋದರೆ ಬರೋದು ದಿನಗಳಾದ ಮೇಲೆ. ಮರಿಗೆ ಮಾಡಲು ಬೇರೆ ಕೆಲಸ ಇಲ್ಲ, ಕೊಕ್ಕಿಗೆ ಸಿಕ್ಕಿದ್ದನ್ನೆಲ್ಲ ಕುಕ್ಕುತ್ತದೆ. ಚಕ್ಕೆ ಹೊಟ್ಟೆಗೆ ಹೋದರೆ ನರಗಳಿಗೆ ಪೆಟ್ಟು. ರೆಕ್ಕೆ ಎತ್ತಲಾಗುವುದಿಲ್ಲ, ಎರಡೂ ಪಕ್ಕದಲ್ಲಿ ಜೋತುಬಿದ್ದು ನೆಲದ ಮೇಲೆ ಎಳೆದಾಡುತ್ತವೆ. ಅಂಥ ಮರಿ ಯಾವತ್ತೂ ಹಾರುವುದಿಲ್ಲ. ಮರಿಗಳ ರಕ್ತದಲ್ಲಿದ್ದ ಸೀಸದ ಐಸೋಟೋಪ್‌ಗಳನ್ನು (ಒಂದೇ ಧಾತುವಿನ, ತೂಕ ಬೇರೆಯಿರುವ ಪರಮಾಣುಗಳು; ಅವುಗಳ ಪ್ರಮಾಣ ನೋಡಿ ಸೀಸದ ಮೂಲ ಗುರುತಿಸಬಹುದು) ಬಣ್ಣದ ಚಕ್ಕೆಯವುಗಳ ಜೊತೆ ಹೋಲಿಸಿ ನೋಡಿದಾಗ ಎರಡೂ ಹೊಂದಿಕೊಂಡವು. ಮೂಲ ಗೊತ್ತಾಯಿತಲ್ಲ, ಬಣ್ಣ ಕೆರೆಸಿ, ಮಣ್ಣು ತೆಗೆಸಿದರು. ವರ್ಷಗಳೇ ಹಿಡಿದವು, ಆದರೂ ಆಗುವ ಕೆಲಸ ಅದು.

ಪಾದರಸ ಹಾಗಲ್ಲ. ಕಲ್ಲಿದ್ದಲು ಸುಡುವಾಗ, ಸಣ್ಣ ಪ್ರಮಾಣದ ಚಿನ್ನದ ಗಣಿಗಳಲ್ಲಿ ಅದಿರಿನಿಂದ ಚಿನ್ನ ಬಿಡಿಸುವಾಗ, ಅದು ಆವಿಯಾಗಿ ಗಾಳಿಗೆ ಸೇರುತ್ತದೆ. ತಿಂಗಳುಗಟ್ಟಲೆ ಅಲ್ಲೇ ಸುತ್ತಿ ಎಲ್ಲೋ ಸಮುದ್ರಕ್ಕೆ ಇಳಿಯುತ್ತದೆ. ನೀರಿನ ಬ್ಯಾಕ್ಟೀರಿಯಾ ಅದನ್ನು ಮೀಥೈಲ್ ಪಾದರಸ ಮಾಡುತ್ತವೆ, ಅಂದರೆ ಜೀವಿಗಳ ದೇಹಕ್ಕೆ ಸುಲಭವಾಗಿ ಸೇರಿ ಉಳಿಯುವ ವಿಷರೂಪ. ಅಲ್ಲಿಂದ ಪ್ಲಾಂಕ್ಟನ್ (ನೀರಲ್ಲಿ ತೇಲುವ ಪುಟ್ಟ ಜೀವಿಗಳು), ಸಣ್ಣ ಮೀನು, ದೊಡ್ಡ ಮೀನು, ಹಕ್ಕಿ. ಒಂದೊಂದು ಮೆಟ್ಟಿಲಿಗೂ ಸಾಂದ್ರತೆ ಏರುತ್ತಲೇ ಹೋಗುತ್ತದೆ.

ಹಕ್ಕಿಗೂ ಇದನ್ನು ಹೊರಹಾಕುವ ಒಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದ ಸಂಗತಿ ಇದು. ಹೊಸ ಗರಿ ಬೆಳೆಯುವಾಗ ರಕ್ತದ ಪಾದರಸ ಅದಕ್ಕೆ ಇಳಿದು ಕೆರಾಟಿನ್‌ಗೆ, ಅಂದರೆ ಗರಿ ಆಗಿರುವ ಪ್ರೋಟೀನ್‌ಗೆ, ಅಂಟಿಕೊಳ್ಳುತ್ತದೆ. ಬೆಳೆದು ಮುಗಿದ ಗರಿಗೆ ರಕ್ತ ಹರಿಯುವುದಿಲ್ಲ, ಒಳಗಿದ್ದದ್ದು ಅಲ್ಲೇ ಉಳಿಯುತ್ತದೆ. ಹಾಗಾಗಿ ಮ್ಯೂಸಿಯಂನಲ್ಲಿರುವ ನೂರು ವರ್ಷದ ಗರಿಯನ್ನೂ ಈಗ ಅಳೆಯಬಹುದು. ಒಂದೇ ತೊಡಕು: ಆಗಿನವರು ಹುಳ ಹಿಡಿಯದಿರಲಿ ಅಂತ ಹಕ್ಕಿಯ ಚರ್ಮಕ್ಕೆ ಪಾದರಸದ ಲವಣವನ್ನೇ ಹಚ್ಚುತ್ತಿದ್ದರು! ಒಟ್ಟು ಪಾದರಸ ಅಳೆದರೆ ಲೆಕ್ಕವೆಲ್ಲ ಅಡ್ಡಾದಿಡ್ಡಿ. ಮೀಥೈಲ್ ರೂಪವನ್ನಷ್ಟೇ ಬೇರೆಯಾಗಿ ಅಳೆಯಬೇಕು. ಕೆನಡಾದ ಆರ್ಕ್ಟಿಕ್ ಮತ್ತು ಗ್ರೀನ್‌ಲ್ಯಾಂಡ್‌ನ ಐವರಿ ಗಲ್ ಹಕ್ಕಿಯ ಗರಿಗಳನ್ನು ಹೀಗೆ ನೋಡಿದಾಗ, 1877ರಿಂದ 2007ರೊಳಗೆ ಮೀಥೈಲ್ ಪಾದರಸ 45 ಪಟ್ಟು ಏರಿತ್ತು. ಆಹಾರವೇನೂ ಬದಲಾಗಿರಲಿಲ್ಲ.

ಪಾದರಸ ಇದ್ದ ಮಾತ್ರಕ್ಕೆ ಹಕ್ಕಿ ಸತ್ತುಬೀಳುತ್ತದೆ ಅಂತಲ್ಲ. ಕೆಲವು ಕಡಲಹಕ್ಕಿಗಳ ಯಕೃತ್ತಿನಲ್ಲಿ ಸೆಲೆನಿಯಂ ಎಂಬ ಧಾತು ಅದನ್ನು ಹಿಡಿದು ಕಟ್ಟಿಹಾಕುತ್ತದೆ. ದಕ್ಷಿಣ ಹಿಂದೂ ಮಹಾಸಾಗರದ ಕ್ರೋಜೆ ದ್ವೀಪಗಳ ವಾಂಡರಿಂಗ್ ಆಲ್ಬಟ್ರಾಸ್‌ಗಳಲ್ಲಿ ಪಾದರಸ ಹೆಚ್ಚಿದ್ದವು ಬೇಗ ಸಾಯಲಿಲ್ಲ, ಆದರೆ ಮೊಟ್ಟೆ ಒಡೆಯುವುದು, ಮರಿ ಉಳಿಯುವುದು ಕಡಿಮೆಯಾಗಿತ್ತು. ಎರಡು ವರ್ಷಕ್ಕೊಂದು ಮೊಟ್ಟೆ ಇಡುವ ಹಕ್ಕಿಗೆ ಇದು ಸಣ್ಣ ನಷ್ಟವೇನಲ್ಲ ಅಲ್ವಾ?

ಪಾದರಸವನ್ನು ತಡೆಯೋಕೆ ಆಗುತ್ತಾ ಅಂದರೆ, ದ್ವೀಪಕ್ಕೆ ಹೋಗಿ ಏನೂ ಮಾಡೋಕಾಗಲ್ಲ. ಹೊಗೆ ಹೊರಡುವ ಕಡೆಯೇ ತಡೆಯಬೇಕು. ಅದಕ್ಕಾಗಿಯೇ 2013ರಲ್ಲಿ ಪಾದರಸದ ಬಳಕೆ, ಹೊರಸೂಸುವಿಕೆ ತಗ್ಗಿಸುವ ಅಂತರರಾಷ್ಟ್ರೀಯ ಮಿನಮಾಟಾ ಒಪ್ಪಂದ ಆಯಿತು, 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಸೇರಿತು. ಆದರೆ ಈಗಾಗಲೇ ಸಮುದ್ರ ಸೇರಿರುವ ಪಾದರಸ ಅಷ್ಟು ಬೇಗ ಹೋಗುವುದಿಲ್ಲ. ನಾಳೆಯೇ ಎಲ್ಲ ಚಿಮಣಿ ಮುಚ್ಚಿದರೂ ಗರಿಗಳಲ್ಲಿ ಅದು ಇಳಿಯಲು ದಶಕಗಳೇ ಬೇಕು.