ಎಂಟು ವರ್ಷ, ಹತ್ತು ಅಂಕ

ಅವರನ್ನು ಸುಮಾ ಎಂದು ಕರೆಯೋಣ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ವಯಸ್ಸು 38, ಪಿಎಚ್‌ಡಿ ಆಗಿದೆ, ಅಧ್ಯಾಪಕ ಹುದ್ದೆಗೆ ರಾಜ್ಯಮಟ್ಟದ ಅರ್ಹತಾ ಪರೀಕ್ಷೆಯಾದ ಕೆಸೆಟ್ ಪಾಸು. ಎಂಟು ವರ್ಷದಿಂದ ಅತಿಥಿ ಉಪನ್ಯಾಸಕಿ. ನಿದ್ದೆ ಬರ್ತಿಲ್ಲ ಅಂತ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಕೈಯಲ್ಲಿ ದಪ್ಪದೊಂದು ಫೈಲ್.

ಅದರ ತುಂಬ ವಿಶ್ವವಿದ್ಯಾಲಯಗಳಿಗೆ ಹಾಕಿದ ಅರ್ಜಿಗಳು, ಡಿಡಿ ಜೆರಾಕ್ಸ್, ಸ್ಪೀಡ್ ಪೋಸ್ಟ್ ರಸೀದಿಗಳು. ಹಳೆಯ ರಸೀದಿಗಳಲ್ಲಿ ಅಕ್ಷರವೆಲ್ಲ ಮಾಸಿ ಬರೀ ಬಿಳಿ ಚೀಟಿ ಉಳಿದಿತ್ತು. ಆದರೂ ಪಿನ್ ಹೊಡೆದು ಇಟ್ಟಿದ್ದರು.

"ಬೆಳಿಗ್ಗೆ ಎದ್ದು ಆರು ಯೂನಿವರ್ಸಿಟಿ ವೆಬ್‌ಸೈಟ್ ನೋಡ್ತೀನಿ ಮೇಡಂ. ಆಮೇಲೇ ಹಾಲು ಕಾಯಿಸೋದು."

2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ 1242 ಹುದ್ದೆಗೆ ಅರ್ಜಿ ಕರೆದಾಗ ಇವರೂ ಪರೀಕ್ಷೆ ಬರೆದಿದ್ದರು. ಸ್ವಲ್ಪದರಲ್ಲಿ ತಪ್ಪಿತು. ಅಲ್ಲಿಂದ ಈ ಚಾಳಿ. ಹಬ್ಬಕ್ಕೆ ಊರಿಗೆ ಹೋದರೆ ಅತ್ತೆಯದು ಒಂದೇ ಪ್ರಶ್ನೆ: "ಇನ್ನೂ ಪರ್ಮನೆಂಟ್ ಆಗ್ಲಿಲ್ವೇನಮ್ಮಾ?"

ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಬಹುದಿತ್ತು. ಹೇಳಿಕೊಟ್ಟೆ ಕೂಡ. ಆದರೆ ನಿದ್ದೆ ಕೆಡಿಸಿದ್ದು ಈ ಫೈಲ್ ಅಲ್ವಾ? ಎರಡನೇ ಸಲ ಬಂದಾಗ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಅಂಕಪಟ್ಟಿ ಮುಂದಿಟ್ಟುಕೊಂಡು ಇಬ್ಬರೂ ಲೆಕ್ಕಕ್ಕೆ ಕೂತೆವು. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸಂದರ್ಶನಕ್ಕೆ ಕರೆಯುವುದು ಈ ಅಂಕ ನೋಡಿ. ಪಿಎಚ್‌ಡಿಗೆ 30. ಸೆಟ್‌ಗೆ 3, ರಾಷ್ಟ್ರಮಟ್ಟದ ನೆಟ್ ಆದರೆ 5. ಪಾಠದ ಅನುಭವಕ್ಕೆ ವರ್ಷಕ್ಕೆ 2, ಆದರೆ 10ಕ್ಕಿಂತ ಜಾಸ್ತಿ ಇಲ್ಲ.

ಸುಮಾ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಆಮೇಲಿನ ಮೂರು ವರ್ಷ?"

ಅಂಕದ ಲೆಕ್ಕದಲ್ಲಿ ಸೊನ್ನೆ. ಅತಿಥಿ ಸೇವೆ ಲೆಕ್ಕಕ್ಕೆ ಬರುತ್ತದಾ ಅನ್ನುವುದನ್ನೂ ಪ್ರತಿ ಅಧಿಸೂಚನೆಯಲ್ಲಿ ಓದಿ ನೋಡಬೇಕು. ಅವರು ಅತ್ತರು. ನಾನು ಸುಮ್ನೆ ಕೂತಿದ್ದೆ. ಆ ಹೊತ್ತಿಗೆ ಸಮಾಧಾನದ ಮಾತು ಹೇಳಿದ್ದರೆ ಸುಳ್ಳಾಗುತ್ತಿತ್ತು.

ಅಂಕ ಏರಿಸಲು ಜಾಗ ಇದ್ದದ್ದು ಪ್ರಕಟಣೆಯ ಕಲಮಿನಲ್ಲಿ. ಪೀರ್ ರಿವ್ಯೂ ಆದ, ಅಂದರೆ ಅದೇ ವಿಷಯದ ಪರಿಣತರು ಓದಿ ಒಪ್ಪಿದ ಲೇಖನಕ್ಕೆ ತಲಾ 2, ಒಟ್ಟು 10ರವರೆಗೆ. ಇವರವು ಎರಡೇ ಲೇಖನ. ಪಿಎಚ್‌ಡಿ ಪ್ರಬಂಧದ ಉಳಿದ ಅಧ್ಯಾಯಗಳು ಬೀರುವಿನಲ್ಲೇ ಇದ್ದವು. ದುಡ್ಡು ಕೊಟ್ಟರೆ ವಾರದಲ್ಲಿ ಛಾಪಿಸಿಕೊಡುವ ಜರ್ನಲ್ ಇದೆ ಅಂತ ಸಹೋದ್ಯೋಗಿಯೊಬ್ಬರು ಹೇಳಿದ್ದರಂತೆ. ಬೇಡ ಅಂದೆ. ಸಂದರ್ಶನದಲ್ಲಿ ಕೂತ ಪರಿಣತರಿಗೆ ಅಂಥ ಹೆಸರುಗಳೆಲ್ಲ ಬಾಯಿಪಾಠ.

ಇನ್ನೊಂದು ಸಂಗತಿ. ಅನುಭವದ ಕಲಮಿನಲ್ಲಿ ಪಾಠದ ಜೊತೆಗೇ ಪೋಸ್ಟ್ ಡಾಕ್ಟರಲ್, ಅಂದರೆ ಪಿಎಚ್‌ಡಿ ನಂತರದ ಸಂಶೋಧನೆಯ ಅನುಭವವೂ ಸೇರುತ್ತದೆ. ಅತಿಥಿ ಸೇವೆ ಲೆಕ್ಕಕ್ಕೆ ಬರದ ಕಡೆ ಇದು ಕೈ ಹಿಡಿಯಬಹುದು. ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ (ಐಸಿಎಸ್‌ಎಸ್‌ಆರ್) ಫೆಲೋಶಿಪ್, ಸಂಶೋಧನಾ ಸಂಸ್ಥೆಗಳ ಪ್ರಾಜೆಕ್ಟ್ ಹುದ್ದೆ, ಇವನ್ನೆಲ್ಲ ಸುಮಾ ನೋಡಿಯೇ ಇರಲಿಲ್ಲ. "ಅದು ಟೆಂಪರರಿ ಅಲ್ವಾ ಮೇಡಂ?" ಅಂದರು. ಈಗಿನದ್ದೇನು ಅಂತ ಕೇಳಿದೆ. ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟರು.

ನಾನು ಹೇಳಿದ್ದಿಷ್ಟು. ಈಗಿರುವ ಕೆಲಸ ಬಿಡಬೇಡಿ. ವೆಬ್‌ಸೈಟ್ ನೋಡುವುದು ಸೋಮವಾರ ಮಾತ್ರ, ಅರ್ಧ ಗಂಟೆ. ಉಳಿದ ದಿನ ಆ ಹೊತ್ತು ಒಂದು ಅಧ್ಯಾಯಕ್ಕೆ. ಅತ್ತೆಗೆ ಉತ್ತರವನ್ನು ಗಂಡ ಹೇಳಲಿ.

ಎರಡು ತಿಂಗಳ ಮೇಲೆ ಬಂದಾಗ ಫೈಲ್ ಇರಲಿಲ್ಲ. ಕೆಲಸವೂ ಸಿಕ್ಕಿರಲಿಲ್ಲ. ಲೇಖನವೊಂದು ಎರಡು ಪುಟ ಟೀಕೆ ಹೊತ್ತು ವಾಪಸ್ ಬಂದಿತ್ತು. ಎರಡು ದಿನ ಸಿಟ್ಟು ಮಾಡಿಕೊಂಡು, ಮೂರನೇ ದಿನ ತಿದ್ದಲು ಕೂತರಂತೆ.

"ಮತ್ತೆ ವೆಬ್‌ಸೈಟ್?"

"ಸೋಮವಾರ ನೋಡ್ತೀನಿ. ಗುರುವಾರಾನೂ ಒಂಚೂರು ಆಗ್ಬಿಡುತ್ತೆ ಮೇಡಂ."