ಹೂಸಿಗೆ ಮಕ್ಕಳು ನಗುತ್ತಾರೆ, ಸರಿ. ಇಷ್ಟಪಡುತ್ತಾರೆಯೇ?

ಉತ್ತರ: ಬಳ್ಳಾರಿಯ ಮಕ್ಕಳ ಮನೋವೈದ್ಯೆ

ಬೇಸಿಗೆ ರಜೆ ಬಂತೆಂದರೆ ನನಗೆ ಬರುವ ಪತ್ರಗಳೆಲ್ಲ ಒಂದೇ ವಿಷಯಕ್ಕೆ ತಿರುಗುತ್ತವೆ. ಹೊರಗೆ ನಮ್ಮ ಬಿಸಿಲು, ಒಳಗೆ ಮಕ್ಕಳು, ಟಿವಿಯಲ್ಲಿ ಕಾರ್ಟೂನು, ಕಾರ್ಟೂನಿನಲ್ಲಿ ಹೂಸು, ಸಿಂಬಳ, ವಾಂತಿ. ಹೋದ ವರ್ಷವೂ ಉತ್ತರಿಸಿದ್ದೆ, ಅದಕ್ಕೂ ಹಿಂದೆಯೂ. ಈ ಸಲ ಒಂದು ಪತ್ರಕ್ಕೆ ಮಾತ್ರ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ಆ ತಾಯಿ ಬೈಯುವ ಮೊದಲು ಮಕ್ಕಳನ್ನು ಗಮನಿಸಿದ್ದಾರೆ. ದಿನಕ್ಕೆ ಎಷ್ಟು ಹೊತ್ತು ಟಿವಿ, ಎಷ್ಟು ದೂರ ಕೂರಿಸಬೇಕು ಎಂದು ಯಾರೂ ಕೇಳಬೇಡಿ. ಅದು ನಿಮಗೆಲ್ಲ ಗೊತ್ತಿದೆ, ಪಾಲಿಸುವುದಿಲ್ಲ ಅಷ್ಟೇ.

ಮೊದಲು ಬೇಗ ಮುಗಿಯುವಂಥವು.

ಗಂಗಾವತಿಯಿಂದ: ಹೊಲಸು ಮಾತಾಡಿದಾಗ ನಾಲಿಗೆಗೆ ಹಸಿಮೆಣಸಿನಕಾಯಿ ಒರೆಸಿದರೆ ಬಿಡುತ್ತಾನೆಯೇ?

ಬಿಡುವುದಿಲ್ಲ. ನಿಮ್ಮ ಮುಂದೆ ಆಡುವುದನ್ನು ನಿಲ್ಲಿಸುತ್ತಾನೆ, ಜೊತೆಗೆ ನಿಮಗೆ ಏನನ್ನೂ ಹೇಳುವುದನ್ನೇ ನಿಲ್ಲಿಸುತ್ತಾನೆ. ನೆರೆಮನೆಯವರು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೆ ನಾನು ಅವರ ಪರ.

ಕುಷ್ಟಗಿಯಿಂದ: ಹೊಟ್ಟೆಯಲ್ಲಿ ಹುಳ ಇದ್ದರೆ ಮಕ್ಕಳು ಇಂಥ ಮಾತು ಜಾಸ್ತಿ ಆಡುತ್ತಾರಂತೆ, ನಿಜವೇ?

ಹುಳ ಮಾತು ಕಲಿಸುವುದಿಲ್ಲ. ಹುಳದ ಗುಳಿಗೆಯನ್ನು ಫೆಬ್ರವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಯಲ್ಲೇ ಕೊಡುತ್ತಾರೆ. ನುಂಗಿಸಿ, ಆದರೆ ಈ ಕಾರಣಕ್ಕಲ್ಲ.

ಸಿರುಗುಪ್ಪದಿಂದ: ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್‌ಬ್ರೇನ್' ತರಬೇತಿಗೆ ಸೇರಿಸಿದರೆ ಕಾರ್ಟೂನಿನ ಚಟ ಬಿಡುತ್ತದಂತೆ.

ಆ ಪಟ್ಟಿಯ ಕೆಳಗೆ ಮೂಗಿನ ಪಕ್ಕದ ಸಂದಿಯಿಂದ ಮಕ್ಕಳು ಇಣುಕಿ ಓದುತ್ತಾರೆ. ದುಡ್ಡು ಕಟ್ಟಿದ್ದರೆ ವಾಪಸು ಕೇಳಿ.

ಇನ್ನು ಆ ಪತ್ರ. ಸಿಂಧನೂರಿನಿಂದ ಬಂದದ್ದು, ಅವರ ಮಾತಿನಲ್ಲೇ ಕೊಡುತ್ತೇನೆ:

"ಮಗನಿಗೆ ಎಂಟು, ಮಗಳಿಗೆ ನಾಕೂವರಿ. ರಜಾಕ್ಕ ನಮ್ಮ ನಾದಿನಿ ಮಕ್ಕಳೂ ಬಂದಾವ. ಕಾರ್ಟೂನಿನಾಗ ಯಾರರ ಹೂಸು ಬಿಟ್ರ, ಸಿಂಬಳ ತಿಂದ್ರ ನಾಕೂ ಬಿದ್ದು ಬಿದ್ದು ನಗ್ತಾವ. ನಮ್ಮ ಯಜಮಾನ್ರು 'ಹುಡುಗರಿಗೆ ಅದ ಸೇರ್ತದ, ಬಿಡು' ಅಂತಾರ. ಅತ್ತಿಯವರು 'ಇದು ಎಲ್ಲಿಂದಲೋ ಬಂದ ಹೇಸಿಗಿ, ನಮ್ಮ ಕಡಿ ಇರಲಿಲ್ಲ, ಬಂದ್ ಮಾಡು' ಅಂತಾರ. ಆದ್ರ ಮಗಳು ಒಬ್ಬಾಕಿನ ಕುಂತು ನೋಡುವಾಗ ಅದೇ ಸೀನಿಗೆ ನಗೂದಿಲ್ಲ, ಮಾರಿ ಕಿವಿಚ್ತಾಳ. ಮಕ್ಕಳಿಗೆ ಇದು ಖರೇನ ಇಷ್ಟ ಆಗ್ತದೋ ಇಲ್ಲೋ ಮೇಡಂ?"

ಯಜಮಾನರು ಹೇಳಿದ್ದು ಅರ್ಧ ಸರಿ, ಅತ್ತೆಯವರದು ತಪ್ಪು, ನೀವು ಕಂಡದ್ದು ಪೂರ್ತಿ ಸರಿ.

ನೀವು ಮನೆಯಲ್ಲಿ ಕಂಡದ್ದನ್ನೇ ಬ್ರಿಟನ್ನಿನಲ್ಲಿ ಕ್ಯಾಸ್ಪರ್ ಆಡಿಮನ್ ಮತ್ತು ಸಂಗಡಿಗರು ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದರು. ಎರಡೂವರೆಯಿಂದ ನಾಲ್ಕು ವರ್ಷದ 20 ಮಕ್ಕಳು. ತಮಾಷೆಯ ಕಾರ್ಟೂನನ್ನು ಒಮ್ಮೆ ಒಂಟಿಯಾಗಿ, ಒಮ್ಮೆ ಇನ್ನೊಂದು ಮಗುವಿನ ಜೊತೆ, ಒಮ್ಮೆ ಗುಂಪಿನಲ್ಲಿ ತೋರಿಸಿದರು. ಜೊತೆಯಿದ್ದಾಗ ಮಕ್ಕಳು ಒಂಟಿಯಾಗಿ ನೋಡಿದಾಗಿನ ಎಂಟು ಪಟ್ಟು ನಕ್ಕರು. ಜೊತೆಗೆ ಒಬ್ಬರಿದ್ದರೂ ಅಷ್ಟೇ, ಗುಂಪಿದ್ದರೂ ಹೆಚ್ಚುಕಡಿಮೆ ಅಷ್ಟೇ. ಆಮೇಲೆ 'ಎಷ್ಟು ತಮಾಷೆಯಾಗಿತ್ತು?' ಎಂದು ಕೇಳಿದರೆ, ಒಂಟಿಯಾಗಿ ನೋಡಿದ್ದಕ್ಕೂ ಕೂಡಿ ನೋಡಿದ್ದಕ್ಕೂ ಉತ್ತರದಲ್ಲಿ ವ್ಯತ್ಯಾಸ ಇರಲಿಲ್ಲ. ನಗು ಎಂಟು ಪಟ್ಟು ಏರಿತು, ಇಷ್ಟ ಇದ್ದಲ್ಲೇ ಇತ್ತು. ನಿಮ್ಮ ಮನೆಯ ನಾಲ್ಕು ಮಕ್ಕಳ ನಗುವಿನಲ್ಲಿ ದೊಡ್ಡ ಪಾಲು ಪಕ್ಕದಲ್ಲಿ ಕೂತವರದ್ದು, ಟಿವಿಯದ್ದಲ್ಲ. ಇದು ಗೊತ್ತಿಲ್ಲದೆ ದೊಡ್ಡವರು ನಗುವಿನ ಸದ್ದು ಕೇಳಿ 'ಮಕ್ಕಳಿಗೆ ಇದೇ ಬೇಕು' ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಕಾರ್ಟೂನು ಮಾಡುವವರೂ, ನಿಮ್ಮ ಯಜಮಾನರೂ. ಮಕ್ಕಳನ್ನು ಮಾತ್ರ ಯಾರೂ ಕೇಳುವುದಿಲ್ಲ.

ಹಾಗಾದರೆ ಇಷ್ಟವೇ ಇಲ್ಲವೇ? ಇದೆ. ಆದರೆ ಇಷ್ಟವಾಗುವುದು ಹೊಲಸಲ್ಲ.

ಹೇಸಿಗೆ ಹುಟ್ಟಿನಿಂದ ಬರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ತಂಡ 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಶೇಂಗಾ ಬೆಣ್ಣೆಗೆ ಗಬ್ಬು ವಾಸನೆಯ ಚೀಸ್ ಕಲಸಿ ನಾಯಿ ಹೇಲಿನ ಹಾಗೆ ಮಾಡಿ, ಅದು ನಾಯಿಯದ್ದೇ ಎಂದು ಹೇಳಿ ಪುಟ್ಟ ಮಕ್ಕಳ ಮುಂದಿಟ್ಟರು. ಎರಡೂವರೆ ವರ್ಷದೊಳಗಿನ ಮಕ್ಕಳಲ್ಲಿ ಶೇ. 62ರಷ್ಟು ತಿಂದೇಬಿಟ್ಟವು. ತೆವಳುವ ಮಗುವನ್ನು ಕಾದವರಿಗೆ ಇದರಲ್ಲಿ ಆಶ್ಚರ್ಯ ಇರಲಾರದು. 'ಥೂ, ಕಕ್ಕ, ಮುಟ್ಟಬೇಡ' ಎಂದು ನಾವು ವರ್ಷಗಟ್ಟಲೆ ಹೇಳಿ ಹೇಳಿ ಹೇಸಿಗೆಯನ್ನು ಕೂರಿಸುತ್ತೇವೆ. ನಾಲ್ಕೈದು ವರ್ಷಕ್ಕೆ ಮಗು ಆ ಕಾಯಿದೆಯನ್ನು ಕಲಿತು ಮುಗಿಸಿರುತ್ತದೆ, ಅದರ ಬಗ್ಗೆ ಹೆಮ್ಮೆಯೂ ಇರುತ್ತದೆ. ಪುಟ್ಟ ತಮ್ಮ ಚಡ್ಡಿ ಒದ್ದೆ ಮಾಡಿಕೊಂಡರೆ ಓಡಿಬಂದು ದೂರು ಹೇಳುವ ವಯಸ್ಸು ಇದೇ.

ಈಗ ತೆರೆಯ ಮೇಲೆ ಒಬ್ಬ ದೊಡ್ಡ ಮನುಷ್ಯ ಅದೇ ಕಾಯಿದೆ ಮುರಿಯುತ್ತಾನೆ. ಯಾರಿಗೂ ಏಟು ಬೀಳುವುದಿಲ್ಲ, ಒಗೆಯಬೇಕಾದ ಬಟ್ಟೆಯೂ ಇಲ್ಲ. ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ 2010ರಲ್ಲಿ ಮಂಡಿಸಿದ ವಾದ ಇಲ್ಲಿ ಸರಿಯಾಗಿ ಕೂರುತ್ತದೆ: ತಪ್ಪು ನಡೆಯಬೇಕು, ಆದರೆ ಅದರಿಂದ ಅಪಾಯ ಇಲ್ಲ ಎಂದು ಅದೇ ಗಳಿಗೆಯಲ್ಲಿ ಗೊತ್ತಾಗಬೇಕು, ಆಗ ನಗು ಬರುತ್ತದೆ. ಎರಡು ವರ್ಷದ ಮಗುವಿಗೆ ಕಾಯಿದೆಯೇ ಗೊತ್ತಿಲ್ಲ, ಅದು ಬರೀ 'ಪುರ್ರ್' ಸದ್ದಿಗೆ ನಗುತ್ತದೆ. ಹನ್ನೊಂದರ ಹುಡುಗನಿಗೆ ಕಾಯಿದೆ ಹಳತಾಗಿದೆ, ಬರೀ ಹೂಸು ಸಾಲುವುದಿಲ್ಲ. ಅವನಿಗೆ ಯಾರಿಗಾದರೂ ಅವಮಾನ ಆಗಬೇಕು. ನಡುವಿನ ನಾಲ್ಕರಿಂದ ಎಂಟು ವರ್ಷ ಇದಕ್ಕೆ ಭರ್ತಿ ಸುಗ್ಗಿ.

ನನ್ನ ಕ್ಲಿನಿಕ್ಕಿಗೆ ಬರುವ ಮಕ್ಕಳಿಗೆ ಕೇಳುತ್ತಿರುತ್ತೇನೆ, ಯಾರು ಹೂಸು ಬಿಟ್ಟರೆ ಹೆಚ್ಚು ನಗು ಎಂದು. ಕೂಸು ಬಿಟ್ಟರೆ ಯಾರಿಗೂ ನಗು ಇಲ್ಲ. ಹೆಡ್ ಮಾಸ್ತರು, ಪೊಲೀಸು, ರಾಜ, ಈ ಮೂರೇ ಉತ್ತರ ತಿರುಗಿ ತಿರುಗಿ ಬರುತ್ತವೆ. ಗತ್ತಿನವನ ಗತ್ತು ಇಳಿಯುವುದು ಅವರಿಗೆ ಖುಷಿ. ನಿನ್ನೆ ನೋಡಿದ ಕತೆ ಹೇಳು ಎಂದರೂ ಬೆನ್ನಟ್ಟಿದ್ದು, ಅಡಗಿದ್ದು, ಮೋಸ ಮಾಡಿ ಸಿಕ್ಕಿಬಿದ್ದದ್ದು ಹೇಳುತ್ತಾರೆ. ಕತೆಯಲ್ಲಿ ಕೆಲಸ ಇಲ್ಲದ ಹೂಸು ಅವರ ನೆನಪಿನಲ್ಲೂ ಇರುವುದಿಲ್ಲ. ಬಹಳಷ್ಟು ಕಾರ್ಟೂನುಗಳಲ್ಲಿ ಅದಕ್ಕೆ ಕೆಲಸವೇ ಇರುವುದಿಲ್ಲ. ಉಪ್ಪಿಲ್ಲದ ಸಾರಿಗೆ ಒಗ್ಗರಣೆ ಜೋರು ಮಾಡಿದ ಹಾಗೆ, ನಗೆ ಹುಟ್ಟದ ಕಡೆ ಒಂದು ಸದ್ದು ಹಾಕಿ ಮುಗಿಸುತ್ತಾರೆ. ನನ್ನ ಸಿಟ್ಟು ಹೊಲಸಿನ ಮೇಲಲ್ಲ, ಈ ಸೋಮಾರಿತನದ ಮೇಲೆ.

ಅತ್ತೆಯವರಿಗೆ ಒಂದು ಮಾತು. 'ನಮ್ಮ ಕಡೆ ಇರಲಿಲ್ಲ' ಎನ್ನುವುದನ್ನು ದೂರದ ಊರಿನವರು ಹೇಳಿದ್ದರೆ ನಾನು ಕೇಳಿಕೊಳ್ಳುತ್ತಿದ್ದೆನೇನೋ. ತೊಗಲುಗೊಂಬೆಯಾಟ ನಿಮ್ಮ ಪಕ್ಕದ ಬಳ್ಳಾರಿ, ಕೊಪ್ಪಳದ ನೆಲದ್ದು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗೆ. ಅದರಲ್ಲಿ ರಾಮಾಯಣದ ನಡುವೆ ನುಗ್ಗುವ ಡೊಳ್ಳು ಹೊಟ್ಟೆಯ ವಿದೂಷಕ ಕಿಳ್ಳೇಕ್ಯಾತ, ಅವನ ಹೆಂಡತಿ ಬಂಗಾರಕ್ಕ ಆಡುವ ಮಾತು ಟಿವಿಯವರು ಇಂದಿಗೂ ಹಾಕಲಾರರು. ಅವರನ್ನು ನೋಡಲು ಊರಿಗೆ ಊರೇ ಕೂರುತ್ತಿತ್ತು, ಮುಂದಿನ ಸಾಲಿನಲ್ಲಿ ಮಕ್ಕಳು. ವ್ಯತ್ಯಾಸ ಇರುವುದು ಒಂದೇ: ಅಲ್ಲಿ ಅಜ್ಜ, ಅವ್ವ ಪಕ್ಕದಲ್ಲೇ ಇದ್ದು ಜೊತೆಗೆ ನಗುತ್ತಿದ್ದರು, ಈಗ ಮಕ್ಕಳನ್ನು ಟಿವಿ ಮುಂದೆ ಬಿಟ್ಟು ಬಾಗಿಲು ಮುಂದೆ ಮಾಡುತ್ತೇವೆ.

ಹಾಗೆಂದು ಎಲ್ಲ ಕಾರ್ಟೂನಿಗೂ ನಾನು ಸರ್ಟಿಫಿಕೇಟು ಕೊಡುತ್ತಿಲ್ಲ. ನೀವೆಲ್ಲ ಬೈಯುವ ಶಿನ್‌ಚಾನ್ ಶುರುವಾದದ್ದು 1990ರಲ್ಲಿ, ಜಪಾನಿನ ದೊಡ್ಡವರ ಚಿತ್ರಕತೆ ಪತ್ರಿಕೆಯಲ್ಲಿ. ಟಿವಿಗೆ ಬಂದದ್ದು 1992ರಲ್ಲಿ. ಕುಂಡಿ ತೋರಿಸಿ ಕುಣಿಯುವ ಆ ಐದು ವರ್ಷದ ಹುಡುಗ ದೊಡ್ಡವರನ್ನು ನಗಿಸಲು ದೊಡ್ಡವರೇ ಬರೆದ ಪಾತ್ರ. ಬಣ್ಣ ಬಣ್ಣದ ಗೊಂಬೆ ಕಂಡ ಕೂಡಲೇ ಮಕ್ಕಳದ್ದು ಎಂದು ರಿಮೋಟು ಕೈಗೆ ಕೊಟ್ಟವರು ನಾವು.

ಈಗ ನಿಮ್ಮ ಮಗಳು. ಹೇಸಿಗೆ ಎಲ್ಲ ಮಕ್ಕಳಲ್ಲೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಕೆಲವರಿಗೆ ಬಹಳ. ಸದ್ದಿನ ತಮಾಷೆ ಅವರಿಗೂ ನಡೆಯುತ್ತದೆ. ಕೀವು, ವಾಂತಿ, ಹುಳ ಹರಿಯುವ ಅನ್ನ, ಇಂಥದ್ದನ್ನು ತೆರೆಯ ತುಂಬ ಹತ್ತಿರದಿಂದ ತೋರಿಸಿದರೆ ತಡೆಯಲಾರರು. ಅಣ್ಣಂದಿರ ಜೊತೆ ನಕ್ಕು, ಮರುದಿನ ಉಪ್ಪಿಟ್ಟು ತಟ್ಟೆಯಲ್ಲೇ ಬಿಟ್ಟು ಏಳುತ್ತಾರೆ. ನಗುವ ಮೊದಲು ಪಕ್ಕದವರ ಮುಖ ನೋಡುತ್ತಾಳೆಯೇ? ಅಂಗೈ ಬಾಯಿಗೆ ಹೋಗುತ್ತದೆಯೇ? ಆಮೇಲೆ 'ಅದು ಖರೇನಾ' ಎಂದು ಕೇಳುತ್ತಾಳೆಯೇ? ಹಾಗಿದ್ದರೆ ಅವಳಿಗೆ ಅದು ಸೇರುತ್ತಿಲ್ಲ. ಎಲ್ಲರ ಮುಂದೆ 'ನಿನಗೆ ಹೆದರಿಕೆಯಾ' ಎಂದು ಕೇಳಬೇಡಿ, ಅಣ್ಣಂದಿರು ವರ್ಷಪೂರ್ತಿ ಕಾಡುತ್ತಾರೆ. ಆ ಹೊತ್ತಿಗೆ ಒಳಗಿಂದ ಏನಾದರೂ ಕೆಲಸಕ್ಕೆ ಕರೆಯಿರಿ, ಎದ್ದು ಬರಲು ಅವಳಿಗೊಂದು ನೆಪ ಸಿಗಲಿ. ಅವಳು ತಾನಾಗಿ ತಿನ್ನುವ ತನಕ ಆ ತಿಂಡಿಗೆ ಒತ್ತಾಯವೂ ಬೇಡ.

ಮಗನಿಗೆ ಉಪನ್ಯಾಸ ಬೇಡ. ಬೈಯುವಾಗ ನಿಮ್ಮ ತುಟಿಯಂಚಿನಲ್ಲಿ ನಗು ಇಣುಕುತ್ತದೆ, ಅವನು ಅದನ್ನು ನೋಡಿರುತ್ತಾನೆ. ಅಮ್ಮ ಕಿರುಚುವುದೂ ಅವನಿಗೆ ಆಟದ ಭಾಗವೇ. ಊಟಕ್ಕೆ ಕೂತಾಗ ಬೇಡ, ಮನೆಗೆ ಬಂದವರ ಮುಂದೆ ಬೇಡ, ಮಿಕ್ಕ ಹೊತ್ತು ನಿಮ್ಮ ನಿಮ್ಮಲ್ಲಿ ಆಡಿಕೊಳ್ಳಿ ಎಂದು ಒಮ್ಮೆ ತಣ್ಣಗೆ ಹೇಳಿ. ಕಿವಿಗೊಡದಿದ್ದರೆ ಆ ಹೊತ್ತಿನ ಟಿವಿ ಆರಿಸಿ, ಅಷ್ಟೇ.

ನನಗೆ ಹೂಸಿಗಿಂತ ಹೆಚ್ಚು ಚಿಂತೆ ಇರುವುದು ವೇಗದ ಬಗ್ಗೆ. 2011ರಲ್ಲಿ ಏಂಜಲಿನ್ ಲಿಲ್ಲಾರ್ಡ್ ಮತ್ತು ಜೆನಿಫರ್ ಪೀಟರ್ಸನ್ ನಾಲ್ಕು ವರ್ಷದ 60 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಭರಭರನೆ ಓಡುವ ಕಾರ್ಟೂನು, ಇನ್ನೊಂದಕ್ಕೆ ನಿಧಾನದ್ದು ತೋರಿಸಿದರು. ಮೂರನೆಯ ಗುಂಪು ಚಿತ್ರ ಬಿಡಿಸಿತು. ನೋಡಿದ್ದು ಒಂಬತ್ತೇ ನಿಮಿಷ. ಕೂಡಲೇ ಕೊಟ್ಟ ತಾಳ್ಮೆ, ಗಮನದ ಪರೀಕ್ಷೆಗಳಲ್ಲಿ ವೇಗದ ಕಾರ್ಟೂನು ನೋಡಿದವರು ಹಿಂದೆ ಬಿದ್ದರು. ಪರಿಣಾಮ ಎಷ್ಟು ಹೊತ್ತು ಉಳಿಯುತ್ತದೆ ಎಂಬುದನ್ನು ಅವರು ಅಳೆಯಲಿಲ್ಲ, ಹಾಗಾಗಿ ಇದನ್ನು ಹಿಡಿದು ಮಕ್ಕಳ ಮಿದುಳು ಹಾಳಾಯಿತು ಎಂದು ಹೆದರಿಸುವವರನ್ನೂ ನಂಬಬೇಡಿ. ಹೋಂವರ್ಕಿಗೆ ಕೂರಿಸುವ ಮುಂಚಿನ ಗಳಿಗೆಯಲ್ಲಿ ಅಂಥದ್ದು ಬೇಡ, ನನ್ನ ಎಚ್ಚರಿಕೆ ಅಷ್ಟಕ್ಕೆ.

ಮಸ್ಕಿಯಿಂದ: ಈ ಹೊಲಸು ಮಾತು ಬಿಡಿಸಲು ಮಂತ್ರಿಸಿದ ದಾರ ಕಟ್ಟಿಸಬಹುದೇ?

ಕಟ್ಟಿಸಿ. ದಾರ ನೋಡಿ ಮಕ್ಕಳು ಇನ್ನಷ್ಟು ನಗುತ್ತಾರೆ.

ರಾಯಚೂರಿನಿಂದ: ಏಳು ವರ್ಷದ ಮಗ ಎರಡು ತಿಂಗಳಿಂದ ಚಡ್ಡಿಯಲ್ಲೇ ಸ್ವಲ್ಪ ಸ್ವಲ್ಪ ಮಾಡಿಕೊಳ್ಳುತ್ತಿದ್ದಾನೆ. ಕಾರ್ಟೂನು ನೋಡಿ ಬೇಕಂತಲೇ ಮಾಡುತ್ತಾನೆಂದು ಮನೆಯಲ್ಲಿ ಹೊಡೆಯುತ್ತಾರೆ.

ಮೊದಲು ಹೊಡೆಯುವುದನ್ನು ನಿಲ್ಲಿಸಿ. ಇಲ್ಲಿ ಕಾರ್ಟೂನಿನ ಪಾತ್ರವೇನೂ ಇಲ್ಲ. ನಾಲ್ಕು ವರ್ಷ ದಾಟಿದ ಮಗು ಹೀಗೆ ಮಾಡಿಕೊಳ್ಳುತ್ತಿದ್ದರೆ ಬಹುತೇಕ ಅದು ಮಲಬದ್ಧತೆ. ಗಟ್ಟಿ ಮಲ ಒಳಗೆ ತುಂಬಿ ಕರುಳು ಹಿಗ್ಗಿರುತ್ತದೆ, ಅದರ ಪಕ್ಕದಿಂದ ತೆಳ್ಳನೆಯದು ಸೋರುತ್ತದೆ, ಸೋರಿದ್ದು ಹುಡುಗನಿಗೆ ಗೊತ್ತೇ ಆಗುವುದಿಲ್ಲ. ವೀಳ್ಯದೆಲೆ ತೊಟ್ಟಿಗೆ ಎಣ್ಣೆ ಹಚ್ಚಿ ಇಡುವುದು, ಸಾಬೂನಿನ ಕಡ್ಡಿ ಇಡುವುದು, ಓಣಿಯಲ್ಲಿ ಯಾರೋ ಕೊಟ್ಟ ಭೇದಿ ಪುಡಿ, ಯಾವುದೂ ಬೇಡ. ನೋವಾದರೆ ಇನ್ನೂ ಬಿಗಿಹಿಡಿಯುತ್ತಾನೆ. ಮಕ್ಕಳ ವೈದ್ಯರಿಗೆ ತೋರಿಸಿ. ಮಲ ಮೆತ್ತಗಾಗಿಸುವ ಔಷಧಿ ವಾರಗಳಲ್ಲ, ತಿಂಗಳುಗಟ್ಟಲೆ ಬೇಕಾಗುತ್ತದೆ, ಚಡ್ಡಿ ಸ್ವಚ್ಛವಾಯಿತೆಂದು ನೀವೇ ನಿಲ್ಲಿಸಬೇಡಿ. ಊಟವಾದ ಮೇಲೆ ಐದು-ಹತ್ತು ನಿಮಿಷ ಅವಸರವಿಲ್ಲದೆ ಕೂರಿಸಿ, ಕಮೋಡಾದರೆ ಕಾಲ ಕೆಳಗೆ ಮಣೆ ಇಡಿ. ಶಾಲೆಗೂ ಹೋಗಿ ಅಲ್ಲಿಯ ಶೌಚಾಲಯದಲ್ಲಿ ನೀರಿದೆಯೇ, ಬಾಗಿಲಿಗೆ ಚಿಲಕ ಇದೆಯೇ ನೋಡಿ. ಬೆಳಿಗ್ಗೆಯಿಂದ ಸಂಜೆ ತನಕ ತಡೆದುಕೊಳ್ಳುವ ಹುಡುಗರಲ್ಲೇ ನಾನು ಇದನ್ನು ಹೆಚ್ಚು ಕಾಣುವುದು.